ಶೆಡ್ಡಿನ ತುಟಿಮಾತು

ಆ ಮನೆಯ ಅತ್ತೆ ಸೊಸೆ ಜಗಳಕ್ಕೆ ನಿಂತರೆ ಪಕ್ಕದ ಮನೆಗೆ ಕೇಳಿಸುವುದಿರಲಿ, ಅದೇ ಕೋಣೆಯಲ್ಲಿ ಗೋಡೆಗೆ ಮುಖ ಹಾಕಿ ಮಲಗಿದ ಮಗನಿಗೂ ಕೇಳಿಸುತ್ತಿರಲಿಲ್ಲ. ಮಗ ಶೀತಲಗೃಹದಲ್ಲಿ ರಾತ್ರಿಪಾಳಿಯವನು, ಹಗಲೆಲ್ಲ ನಿದ್ದೆ. ಇರುವುದೊಂದೇ ಕೋಣೆ. ಹಾಗಂತ ಜಗಳ ಬಿಡುವುದಕ್ಕಾಗುತ್ತದೆಯೇ? ಇಬ್ಬರೂ ತುಟಿಯಲ್ಲೇ ಆಡುತ್ತಿದ್ದರು. ಗಂಟಲಿನಿಂದ ಒಂದು ಸ್ವರ ಹೊರಡದು. ಹುಬ್ಬು, ಕೆನ್ನೆ, ತುಟಿ ಸೇರಿ ರಣರಂಗ.

ಈ ವಿದ್ಯೆಯನ್ನು ಅತ್ತೆ ತಂದದ್ದು ಗಿರಣಿಯಿಂದ. ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುವ ಶೆಡ್ಡಿನಲ್ಲಿ ಕಿವಿಗೇನು ಕೆಲಸ? ನೇಯುವ ಹೆಂಗಸರು ಒಬ್ಬರ ತುಟಿ ಒಬ್ಬರು ನೋಡಿ ಮಾತಾಡುವುದನ್ನು ಕಲಿತಿದ್ದರು. ಯಾರೋ ಬಸುರಿಯಾದ ಸುದ್ದಿ, ಮುಷ್ಕರದ ಸುದ್ದಿ, ಮೇಸ್ತ್ರಿಯ ತಲೆಗೂದಲು ಅಂಗಡಿಯದೆಂಬ ಸುದ್ದಿ, ಎಲ್ಲವೂ ಈ ಸಾಲಿನಿಂದ ಆ ಸಾಲಿಗೆ ಸದ್ದಿಲ್ಲದೆ ಹಾರುತ್ತಿದ್ದವು. ಗೇಟು ದಾಟಿ ಹೊರಬಂದರೆ ಮಾತ್ರ, ಮಂದವಾದ ಕಿವಿಯ ದೆಸೆಯಿಂದ, ಎಲ್ಲರದೂ ಕಿರುಚು ಗಂಟಲು. ಅತ್ತೆಯದು ಎಲ್ಲರಿಗಿಂತ ಒಂದು ಕೈ ಮೇಲು. ಅದಕ್ಕೇ ಸಾಲುಮನೆಯವರು ಅವಳಿಗೆ ಸೈರನಮ್ಮ ಎಂದು ಹೆಸರಿಟ್ಟಿದ್ದರು.

ಸೊಸೆ ಸಿಟಿ ಬಸ್ ಓಡಿಸುವವಳು. ಅವಳಿಗೂ ಒಂದು ಹೆಸರು: ಸ್ಟೇರಿಂಗ್ ಸೊಸೆ. ಮದುವೆಯಾಗಿ ಬಂದ ಹೊಸದರಲ್ಲೇ ತುಟಿಮಾತು ಕಲಿತುಬಿಟ್ಟಿದ್ದಳು. ಕಲಿಯದಿದ್ದರೆ ಅತ್ತೆ ಬೈದದ್ದು ತಿಳಿಯುವುದು ಹೇಗೆ, ಬಡ್ಡಿ ಸಮೇತ ತಿರುಗಿಸುವುದು ಹೇಗೆ?

ಈಗಿನ ಜಗಳಕ್ಕೆ ಮೂಲವೂ ಗಿರಣಿಯೇ. ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿದ್ದ ಗಿರಣಿಯ ಜಾಗವನ್ನು, ಸುತ್ತಲಿನ ಕಾರ್ಮಿಕರ ಸಾಲುಮನೆಗಳ ಸಮೇತ, ಒಂದು ಕಟ್ಟಡ ಕಂಪನಿ ಕೊಂಡಿತ್ತು. ಸಾಲುಮನೆಯವರಿಗೆ ಹೊಸ ಮನೆ ಕೊಡುವುದಾಗಿ ಹೇಳಿತ್ತು. ಮನೆಯೊಳಗೇ ಬಚ್ಚಲು, ತಿರುಗಿಸಿದರೆ ನೀರು. "ಪರಂಪರೆಯನ್ನೂ ಗೌರವಿಸುತ್ತೇವೆ" ಎಂದು ಗಿರಣಿಯ ಚಿಮಣಿಯೊಂದನ್ನು ಉಳಿಸಿ ಅದಕ್ಕೆ ಬಣ್ಣದ ದೀಪ ಸುತ್ತುವುದಾಗಿಯೂ ಹೇಳಿತ್ತು. ನೇಯ್ಗೆ ಶೆಡ್ ಮಾತ್ರ ನೆಲಸಮ. ಸಾಲುಮನೆಯವರ ಹೊಸ ಕಟ್ಟಡ ಏಳಬೇಕಾದದ್ದು ಅಲ್ಲೇ ಎಂದು ಕಂಪನಿಯ ಮಾತು. ಶೆಡ್ ಬೇಕೆಂದು ಹಟ ಹಿಡಿದರೆ ನಿಮ್ಮ ಮನೆ ಮುಂದಿನ ಹಂತಕ್ಕೆ. ಬಡವರ ಮಟ್ಟಿಗೆ ಮುಂದಿನ ಹಂತವೆಂದರೆ ಮುಂದಿನ ಜನ್ಮ.

"ಚಿಮಣಿ ಉಳಿಸ್ತಾರಂತೆ ಚಿಮಣಿ!" ಎಂದು ಸೈರನಮ್ಮ ನಲ್ಲಿಕಟ್ಟೆಯ ಬಳಿ ಕೂಗಿದ್ದಳು. "ನಮ್ಮೆದೆಗೆ ಮಸಿ ತುಂಬಿದ್ದು ಇವರಿಗೆ ಪರಂಪರೆ. ನಾವು ಕೂತು ಉಸಿರಾಡಿದ್ದು ಗುಜರಿ!"

ಶೆಡ್ ನೋಡಿದವರಿಗೆ ಅವಳ ಸಿಟ್ಟು ಅರ್ಥವಾಗುತ್ತಿತ್ತು. ಗರಗಸದ ಹಲ್ಲಿನಂತೆ ಏರಿಳಿಯುವ ಛಾವಣಿ. ಪ್ರತಿ ಹಲ್ಲಿನ ಒಂದು ಮಗ್ಗುಲಿಗೆ, ಬಿಸಿಲು ನೇರ ಬೀಳದ ಕಡೆಗೆ, ಗಾಜು. ದಾರದ ಮೇಲೆ ನೆರಳು ಬೀಳಬಾರದೆಂದು ಕಟ್ಟಿದ್ದು. ಮಗ್ಗಗಳನ್ನು ಕಿತ್ತು ಒಯ್ದ ಮೇಲೂ ಆ ಬೆಳಕನ್ನು ಯಾರಿಂದಲೂ ಕಿತ್ತು ಒಯ್ಯಲಾಗಿರಲಿಲ್ಲ. ಈಗ ಅಲ್ಲಿ ಹೊಲಿಗೆ ಯಂತ್ರಗಳಿದ್ದವು, ಪರೀಕ್ಷೆಗೆ ಓದುವ ಹುಡುಗಿಯರಿದ್ದರು, ಮೊಣಕಾಲು ಹಿಡಿದುಕೊಂಡು ಹರಟುವ ಹಳೆಯ ನೇಕಾರ್ತಿಯರಿದ್ದರು. ಒಂದು ಮೂಲೆಯಲ್ಲಿ ತೊಟ್ಟಿಲ ಕೊಕ್ಕೆಗಳು ಇನ್ನೂ ನೇತಾಡುತ್ತಿದ್ದವು. ಮಗ್ಗ ನಿಲ್ಲಿಸಿ, ನೆಲದ ಮೇಲೆ ಕೂತು, ಮಾಲೀಕರ ಮೂಗು ಹಿಡಿದು ಗೆದ್ದ ಶಿಶುಮನೆ ಅದು. ಈಗ ಗೊರಕೆ ಹೊಡೆಯುವ ಮಗ ಆಗ ಅಲ್ಲೇ ತೂಗಿಸಿಕೊಂಡವನು.

ಸೊಸೆಗೂ ಇದೆಲ್ಲ ಗೊತ್ತಿತ್ತು. ಆದರೆ ಬಕೆಟ್ಟೂ ಗೊತ್ತಿತ್ತು. ನಗರಸಭೆಯಲ್ಲಿ ಬಹಿರಂಗ ವಿಚಾರಣೆಯಿದ್ದ ಬೆಳಿಗ್ಗೆ ಅವಳು ಅಂಗಿಗೆ 'ಮೊದಲು ಮನೆ' ಎಂಬ ಹಸಿರು ಬಿಲ್ಲೆ ಚುಚ್ಚಿಕೊಂಡಳು. ಗಲ್ಲಿಯಲ್ಲಿ ಪುಕ್ಕಟೆ ಹಂಚಿದ್ದು, ಒಳ್ಳೆಯ ಮಿಂಚಿನ ಬಿಲ್ಲೆ. ಯಾರು ಮಾಡಿಸಿದರೆಂದು ಯಾರೂ ಕೇಳಿರಲಿಲ್ಲ.

ಅತ್ತೆ ಬಿಲ್ಲೆ ನೋಡಿದಳು. ತುಟಿ ಎದ್ದಿತು. "ತೆಗಿ ಅದನ್ನ."

"ತೆಗೆಯಲ್ಲ. ನಿಮ್ಮ ತಗಡಿನ ಛಾವಣಿ ದೊಡ್ಡದೋ, ನನ್ನ ಬಚ್ಚಲು ದೊಡ್ಡದೋ?"

"ತಗಡಲ್ಲ ಕಣೇ, ಗಾಜು!"

"ಗಾಜೋ ಗೋಜೋ. ಕತ್ತಲಲ್ಲೆದ್ದು ಬಕೆಟ್ ಹಿಡ್ಕೊಂಡು ಸಾಲಲ್ಲಿ ನಿಲ್ಲೋಳು ನಾನು."

"ನಾನೇನು ಅರಮನೇಲಿ ಮಿಂದೆನಾ?"

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮನೇಲಿ ಬಕೆಟ್‌ಗೆ ಮಾತ್ರ ಎಲ್ಲಾ ಕಾಲಾನೂ ಒಂದೇ!"

ಮಗ ಮಗ್ಗುಲು ಬದಲಿಸಿದ. ಇಬ್ಬರೂ ಬೆಚ್ಚಿ ಬಾಯಿ ಮುಚ್ಚಿದರು, ಸದ್ದೇ ಇರಲಿಲ್ಲವೆಂಬುದನ್ನು ಮರೆತು.

ನಗರಸಭೆಯ ಸಭಾಂಗಣದಲ್ಲಿ ಕುರ್ಚಿಗಳು ಮೊದಲೇ ಎರಡು ಪಾಲಾಗಿದ್ದವು. ಎಡಕ್ಕೆ ಶೆಡ್‌ನವರು: ಹಳೆಯ ನೇಕಾರ್ತಿಯರು, ಹೊಲಿಗೆಯ ಹೆಂಗಸರು. ಬಲಕ್ಕೆ ಹಸಿರು ಬಿಲ್ಲೆಯವರು. ಒಂದೇ ನಲ್ಲಿಯ ನೀರು ಕುಡಿದವರು ಒಬ್ಬರ ಮುಖ ಒಬ್ಬರು ನೋಡಲಾರದೆ ಫ್ಯಾನು ನೋಡುತ್ತಿದ್ದರು. ವೇದಿಕೆಯ ಮೇಲೆ ವಿಚಾರಣೆ ನಡೆಸುವ ಅಧಿಕಾರಿಣಿ, ಪಕ್ಕದಲ್ಲಿ ಕಂಪನಿಯ ಮ್ಯಾನೇಜರು, ಅವನ ಪಕ್ಕ ಎಂಜಿನಿಯರು. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಬಡಾವಣೆಯ ಬೊಂಬೆಮನೆ: ಬಿಳಿ ಗೋಪುರಗಳು, ಸ್ಪಂಜಿನ ಮರಗಳು, ಬೆರಳುದ್ದದ ಜನ. ಆ ಜನರಲ್ಲಿ ಒಬ್ಬರ ಕೈಯಲ್ಲೂ ಬಕೆಟ್ ಇರಲಿಲ್ಲ.

ಎರಡು ಕಡೆಗೂ ಒಂದೊಂದು ಮೈಕು. ಬಲಗಡೆಯ ಮೈಕಿನ ಮುಂದೆ ಸೊಸೆ ನಿಂತಳು. "ಮೇಡಂ, ನಮಗೆ ಮನೆ ಬೇಕು. ಮೊದಲ ಹಂತದಲ್ಲೇ ಬೇಕು. ಹಳೇ ಗೋಡೆ ನೆಕ್ಕಿದ್ರೆ ಹೊಟ್ಟೆ ತುಂಬಲ್ಲ."

ಬಲಗಡೆ ಚಪ್ಪಾಳೆ. ಎಡಗಡೆಯಿಂದ ಅತ್ತೆಯ ತುಟಿ ಏನೋ ಅಂದಿತು. ಅಚ್ಚಿಗೆ ತಕ್ಕುದಲ್ಲ.

ಅಧಿಕಾರಿಣಿ ಮ್ಯಾನೇಜರನ ಕಡೆ ತಿರುಗಿದರು. "ಶೆಡ್ ಉಳಿಸಿ, ಇವರ ಕಟ್ಟಡಾನ ಸ್ವಲ್ಪ ಆಚೆಗೆ ಹಾಕೋಕಾಗಲ್ವಾ?"

"ಒಂದ್ನಿಮಿಷ ಮೇಡಂ" ಎಂದ ಮ್ಯಾನೇಜರು ಮೈಕಿನ ಮೂತಿಗೆ ಅಂಗೈ ಒತ್ತಿ ಎಂಜಿನಿಯರನ ಕಡೆ ವಾಲಿದ. ಇಬ್ಬರೂ ಪಿಸುಗುಟ್ಟಿಕೊಂಡರು. ಪಾಪ, ಮೈಕಿಗೆ ಕೈ ಅಡ್ಡವಿಟ್ಟವನು ಬಾಯಿಗೆ ಇಡುವುದನ್ನು ಮರೆತಿದ್ದ. ಮಗ್ಗದ ಗದ್ದಲದಲ್ಲಿ ಪಳಗಿದ ಕಣ್ಣುಗಳೆಲ್ಲ ಎಡಗಡೆಯ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದವು.

ಮ್ಯಾನೇಜರನ ತುಟಿ: "ಇವರ ಬಿಲ್ಡಿಂಗ್ ಸರಿಸಬಹುದೇನ್ರಿ?"

ಎಂಜಿನಿಯರನ ತುಟಿ: "ಸರಿಸೋದೇನ್ ಸಾರ್, ಕೊನೇ ನಕ್ಷೆಯಲ್ಲಿ ಅದು ಅಲ್ಲಿ ಇಲ್ವೇ ಇಲ್ಲ. ಅವರನ್ನ ಹಿಂದೆ ರೈಲು ಹಳಿ ಪಕ್ಕ ಹಾಕಿದೀವಲ್ಲ? ಶೆಡ್ ಜಾಗ ಟವರ್‌ನವರ ಕಾರ್ ಪಾರ್ಕಿಂಗು."

ಮ್ಯಾನೇಜರನ ತುಟಿ: "ಹಾಗಂತ ಈಗ ಹೇಳೋಕಾಗುತ್ತೇನ್ರಿ?"

ಆಮೇಲೆ ಅಂಗೈ ತೆಗೆದು, ಮುಖಕ್ಕೆ ದುಃಖ ಬಳಿದುಕೊಂಡು, ಮೈಕಿನಲ್ಲಿ ಅಂದ: "ತಾಂತ್ರಿಕವಾಗಿ ಸಾಧ್ಯವಿಲ್ಲ, ಮೇಡಂ."

ಸೊಸೆಯ ಕಿವಿ ಬಿಸಿಯಾಯಿತು. ಅವಳೂ ಓದಿದ್ದಳು, ಒಂದಕ್ಷರ ಬಿಡದೆ. ಅತ್ತೆ ಸೊಸೆ ಕಿತ್ತಾಡಿದ್ದು ಕಾರು ನಿಲ್ಲಿಸುವ ಜಾಗಕ್ಕೆ! ಇಬ್ಬರ ಜಗಳದಲ್ಲಿ ಮೂರನೆಯವನು ಲಾಭ ಹೊಡೆಯುತ್ತಾನೆಂದು ಕೇಳಿದ್ದಳು. ಆ ಮೂರನೆಯವನೇ ಬಿಲ್ಲೆ ಮಾಡಿಸಿಕೊಟ್ಟು ಜಗಳ ಹಚ್ಚುತ್ತಾನೆಂದು ಈಗ ತಿಳಿಯಿತು.

ಅಷ್ಟರಲ್ಲಿ ಎಡಗಡೆಯ ಮೈಕಿಗೆ ಸೈರನಮ್ಮ ನುಗ್ಗಿದ್ದಳು. ಸಭೆ ಕಿವಿ ಮುಚ್ಚಿಕೊಳ್ಳಲು ಸಿದ್ಧವಾಯಿತು. ಅವಳು ಬಾಯಿ ತೆರೆದಳು. ಕೈ ಬೀಸಿದಳು. ಕತ್ತಿನ ನರ ಉಬ್ಬಿತು. ಒಂದು ಸದ್ದೂ ಬರಲಿಲ್ಲ.

ತುಟಿಯಲ್ಲಿ ಬಂದ ಮಾತಿಗೆ ತುಟಿಯಲ್ಲೇ ಉತ್ತರ, ಅದು ಶೆಡ್ಡಿನ ಕಟ್ಟಳೆ. ಸಿಟ್ಟಿನ ಭರದಲ್ಲಿ ಗಿರಣಿ ಮುಚ್ಚಿದ್ದನ್ನೂ, ಎದುರಿಗಿರುವುದು ಮಗ್ಗವಲ್ಲ ಮೈಕು ಎಂಬುದನ್ನೂ ಮರೆತಿದ್ದಳು. ಎಡಗಡೆಯ ನೇಕಾರ್ತಿಯರೂ ಅಷ್ಟೇ: "ಹೌದು ಹೌದು, ಹಾಕು ಇನ್ನೂ ನಾಲ್ಕು" ಎಂದು ಸದ್ದಿಲ್ಲದೆ ಹುರಿದುಂಬಿಸುತ್ತಿದ್ದರು. ಅವರಿಗೆ ಅದು ಕೇಳಿಸದ ಭಾಷಣವೆಂದೇ ಹೊಳೆದಿರಲಿಲ್ಲ.

"ಅಜ್ಜಿ, ಸ್ವಲ್ಪ ಜೋರಾಗಿ" ಎಂದರು ಅಧಿಕಾರಿಣಿ. ಸೈರನಮ್ಮನ ಜನ್ಮದಲ್ಲಿ ಯಾರೂ ಆಡದ ಮಾತು.

"ಪಾಪ, ಸಭೆ ಅಂದ್ರೆ ಭಯ" ಎಂದು ಮ್ಯಾನೇಜರು ನಕ್ಕ. "ಮುಂದಿನವರನ್ನ ಕರೆಯೋಣ, ಮೇಡಂ?"

ಸೊಸೆಯ ಕೈಯಲ್ಲಿ ಬಲಗಡೆಯ ಮೈಕು ಇನ್ನೂ ಇತ್ತು. ಪಕ್ಕದ ಬಿಲ್ಲೆಯವನು "ಕೂತ್ಕೋ ಅಕ್ಕ, ನಮ್ದು ಗೆದ್ದಂಗೆ" ಎಂದು ಅವಳ ತೋಳು ಎಳೆದ. ರೈಲು ಹಳಿಯ ಪಕ್ಕವಾದರೇನು, ಬಚ್ಚಲು ಬಚ್ಚಲೇ. ಸುಮ್ಮನೆ ಕೂತರೆ ಸಿಗಬಹುದು. ಬಾಯಿಬಿಟ್ಟರೆ ಎಲ್ಲವೂ ಮುಂದಿನ ಜನ್ಮಕ್ಕೆ ಹೋಗಬಹುದು. ಅವಳು ಅತ್ತೆಯ ತುಟಿ ನೋಡಿದಳು. ಅಲ್ಲಿ ತನ್ನ ವಿಷಯ ಬಂದಿತ್ತು. ಬಿಲ್ಲೆ ಕಿತ್ತು ಜೇಬಿಗೆ ಹಾಕಿದಳು.

"ಮೇಡಂ, ಅದು ಭಯ ಅಲ್ಲ. ನಮ್ಮತ್ತೆ ಮಾತಾಡ್ತಿದಾರೆ. ನಾನು ಹೇಳ್ತೀನಿ ಕೇಳಿ." ಅತ್ತೆಯ ತುಟಿಯಿಂದ ಕಣ್ಣು ಕದಲಿಸದೆ ಶುರುಮಾಡಿದಳು: "'ಶೆಡ್ ಜಾಗದಲ್ಲಿ ನಮ್ಮ ಮನೆ ಇಲ್ಲ. ಕಾರು ನಿಲ್ಲಿಸ್ತಾರೆ. ನಮ್ಮನ್ನ ರೈಲು ಹಳಿ ಪಕ್ಕ ಎಸೀತಾರೆ. ಈ ಕನ್ನಡಕದವನು ಆ ಕೋಟಿನ ಮ್ಯಾನೇಜರಿಗೆ ಈಗ ತಾನೇ ಅಂದ, ನಾವೆಲ್ಲ ನೋಡಿದ್ವಿ.'"

ಸಭೆಯಲ್ಲಿ ಗುಜುಗುಜು. ಎಂಜಿನಿಯರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"'ನನ್ನ ಸೊಸೆ ಬಾಯಿಬಡುಕಿ.' ಇದು ಅವರ ಮಾತು ಮೇಡಂ, ನನ್ನದಲ್ಲ. 'ಮೊಂಡಿ.' ಇದೂ ಅವರದೇ. 'ಆದ್ರೆ ದಿನಾ ಸಾಲಲ್ಲಿ ನಿಂತು ಮಿಂದು, ಒದ್ದೆ ಕೂದಲಲ್ಲೇ ಊರಿನ ಬಸ್ ಓಡಿಸ್ತಾಳೆ. ಅವಳಿಗೆ...'" ಸೊಸೆಯ ಗಂಟಲು ಒಂದು ಗೇರು ಕೆಳಗಿಳಿಯಿತು. "'ಅವಳಿಗೆ ಬಚ್ಚಲು ಬೇಕು. ನಮಗೆ ಶೆಡ್ಡೂ ಬೇಕು. ಬೆವರು ಬಸಿದೋರು ನಾವು. ಎರಡರಲ್ಲಿ ಒಂದು ಆರಿಸ್ಕೋ ಅನ್ನೋಕೆ ನೀವ್ಯಾರು?'"

ಸ್ವಲ್ಪ ತಡೆದು ಸೊಸೆ ಸೇರಿಸಿದಳು: "ಇದು ನನ್ನ ಮಾತೂ ಹೌದು."

ಅಧಿಕಾರಿಣಿ ಎಂಜಿನಿಯರನ ಕಡೆ ನೋಡಿದರು. "ನಿಜಾನಾ?"

ಎಂಜಿನಿಯರು ಮ್ಯಾನೇಜರನ ಕಡೆ ವಾಲಿದ. ಈ ಸಲ ಮೈಕನ್ನು ಬಿಟ್ಟು ಬಾಯಿಗೆ ಕೈ ಅಡ್ಡವಿಟ್ಟುಕೊಂಡ. ಎಡಗಡೆಯ ಹೆಂಗಸರೆಲ್ಲ ಒಮ್ಮೆಲೇ ಕೂಗಿ ನಕ್ಕರು. ಆಗ ಬಂದ ಸದ್ದಿಗೆ ಬೊಂಬೆಮನೆಯ ಗಾಜು ನಡುಗಿತು.

"ಅದು... ಪರಿಶೀಲನೆಯಲ್ಲಿದೆ, ಮೇಡಂ."

"ಹಾಗಾದ್ರೆ ವಿಚಾರಣೆ ಮುಂದೂಡ್ತೀನಿ" ಎಂದು ಅಧಿಕಾರಿಣಿ ಎದ್ದರು.

ಮುಂದೂಡುವುದೆಂದರೇನೆಂದು ಆ ಸಭೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆ ಮೈಕಿನ ಬುಡದಲ್ಲಿ ನೆಲದ ಮೇಲೆ ಕೂತಳು. ನೇಕಾರ್ತಿಯರು ಮೊಣಕಾಲು ಹಿಡಿದುಕೊಂಡು ಒಬ್ಬೊಬ್ಬರಾಗಿ ಇಳಿದರು. ಸೊಸೆ ನಡುದಾರಿ ದಾಟಿ ಬಂದು ಅತ್ತೆಯ ಪಕ್ಕ ಕೂತಳು. ಅವಳ ಹಿಂದೆ ಹಸಿರು ಬಿಲ್ಲೆಯವರು, ಕೆಲವರು ಬಿಲ್ಲೆ ಕಿತ್ತು, ಕೆಲವರು ಕೀಳುವುದನ್ನು ಮರೆತು. ವೇದಿಕೆಯಿಂದ ಬಾಗಿಲಿಗೆ ಕಾಲಿಡಲು ಜಾಗ ಉಳಿಯಲಿಲ್ಲ. ಮ್ಯಾನೇಜರು ಒಂದು ಮಡಿಲು ದಾಟಲು ಹೋಗಿ ಇನ್ನೊಂದು ಮಡಿಲಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

"ಏನು ಬೇಕು ನಿಮಗೆ?" ಎಂದರು ಅಧಿಕಾರಿಣಿ.

"ಮೈಕಲ್ಲಿ ಹೇಳಿ" ಎಂದಳು ಸೈರನಮ್ಮ. ಈಗ ಅವಳ ಗಂಟಲು ಮರಳಿ ಬಂದಿತ್ತು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. "ಎಲ್ಲರಿಗೂ ಕೇಳೋ ಹಾಗೆ!"

ಅಧಿಕಾರಿಣಿ ಕೂತರು. ಬಹಳ ಹೊತ್ತಿನ ಮೇಲೆ ಮೈಕಿನಲ್ಲಿ ಹೇಳಿದರು: ಕಂಪನಿ ಶೆಡ್ ಉಳಿಸಿಕೊಂಡು ಹೊಸ ನಕ್ಷೆ ತರಬೇಕು. ಸಾಲುಮನೆಯವರ ಕಟ್ಟಡ ಮೊದಲ ಹಂತದಲ್ಲೇ, ರೈಲು ಹಳಿಯಿಂದ ದೂರ. ಅಲ್ಲಿಯವರೆಗೆ ಶೆಡ್ಡಿಗೆ ಸುತ್ತಿಗೆ ಮುಟ್ಟಿಸುವಂತಿಲ್ಲ. ಇದು ಗೆಲುವಲ್ಲ, ಗೆಲುವಿನ ಬಾಗಿಲು ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲಲ್ಲಿ ಕೂರುವುದು ಅವರಿಗೆ ಚೆನ್ನಾಗಿಯೇ ಅಭ್ಯಾಸವಿತ್ತು.

ಮಧ್ಯಾಹ್ನದ ಪಾಳಿಗೆ ಸೊಸೆ ಬಸ್ ತೆಗೆದಳು. ಮನೆಗೆ ಹೊರಟ ಅತ್ತೆ ನಾಲ್ವರು ಗೆಳತಿಯರೊಂದಿಗೆ ಹಿಂದಿನ ಸೀಟಿನಲ್ಲಿ. ಎಂಜಿನ್ನು ಗುಡುಗುತ್ತಿತ್ತು, ಕಿಟಕಿಗಳು ಹಲ್ಲು ಕಡಿಯುತ್ತಿದ್ದವು. ಸಿಗ್ನಲ್‌ನಲ್ಲಿ ಬಸ್ ನಿಂತಾಗ ಸೊಸೆ ತಲೆಯ ಮೇಲಿನ ಕನ್ನಡಿ ನೋಡಿದಳು. ಅಷ್ಟುದ್ದ ಬಸ್ಸಿನ ಆಚೆ ತುದಿಯಲ್ಲಿ ಅತ್ತೆಯ ತುಟಿ ಆಡಿತು.

"ಹೊಸ ಬಚ್ಚಲಲ್ಲಿ ಮೊದಲ ಸ್ನಾನ ನಂದು."

"ಅದೊಂದು ಮಾತ್ರ ಆಗಲ್ಲ ಅತ್ತೆ!" ಸೊಸೆ ಗಂಟಲೆತ್ತಿ ಕೂಗಿಬಿಟ್ಟಳು.

ಅವಳ ಬೆನ್ನ ಹಿಂದೆಯೇ ಕೂತಿದ್ದ ಗುಮಾಸ್ತನೊಬ್ಬ ಬೆಚ್ಚಿ ಚೀಲ ತಬ್ಬಿಕೊಂಡ. ಡ್ರೈವರಮ್ಮ ಯಾರೊಂದಿಗೆ ಮಾತಾಡುತ್ತಿದ್ದಾಳೆಂದು ಅತ್ತಿತ್ತ ನೋಡಿದ. ಹಿಂದಿನ ಸೀಟಿನ ಐದು ಮುದುಕಿಯರು ಮಾತ್ರ ಭುಜ ಕುಣಿಸಿ ನಗುತ್ತಿದ್ದರು, ಸದ್ದಿಲ್ಲದೆ. ಹಸಿರು ದೀಪ ಬಿತ್ತು.