ವಾಲ್ವಿನೊಳಗಿನ ಲೋಳೆ

ಸ್ಪ್ಯಾನರಿನ ಮೇಲೆ ಶಶಿರೇಖಾ ಮೈಭಾರವನ್ನೆಲ್ಲ ಬಿಟ್ಟಳು. ಹಾಲು ತಂಪು ಮಾಡುವ ಸ್ಟೀಲ್ ಟ್ಯಾಂಕಿನ ಬುಡದ ವಾಲ್ವು ಕಿರ್ರೆಂದು ಅರ್ಧ ಸುತ್ತು ತಿರುಗಿ ಸಡಿಲವಾಯಿತು. ಒಳಗಿದ್ದ ಕಪ್ಪು ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸಿ, ಅದರ ಅಡಿಗೆ ಬೆರಳಾಡಿಸಿದಳು. ಬೆರಳು ಜಾರಿತು. ಬೆಳಕಿಗೆ ಹಿಡಿದು ನೋಡಿದರೆ ಬೆಂಡೆಕಾಯಿಯಲ್ಲಿರುವಂಥ ಲೋಳೆ, ತೆಳ್ಳಗೆ, ಹಳದಿ ಬಣ್ಣಕ್ಕೆ. ಹುಳಿ ವಾಸನೆ ಬೇರೆ.

ಎರಡು ಬೀದಿಯಾಚೆ ಭಜನೆಯ ತಾಳ ಕೇಳುತ್ತಿತ್ತು. ಗಂಗಾಂಬಿಕೆಯ ಹೆಣವನ್ನು ಕೂರಿಸಿ ವಿಭೂತಿ ಹಚ್ಚುತ್ತಿರಬೇಕು.

ಹನ್ನೊಂದು ವರ್ಷ ಭೀಮನಬೀಡಿನ ಡೈರಿಯಲ್ಲಿ ಹಾಲಿನ ಕ್ಯಾನು ತಿಕ್ಕಿದ ಹೆಂಗಸು. ಹದಿನೈದು ದಿನದ ಹಿಂದೆ ಅವಳನ್ನು ಕೆಲಸದಿಂದ ಬಿಡಿಸಿದ್ದರು. ‘ಸರಿಯಾಗಿ ತೊಳೆಯದೆ ಊರಿನ ಹಾಲು ಕೆಡಿಸಿದ್ದಾರೆ’ ಎಂಬ ವರದಿ ಬರೆದವಳು ಹಾಲು ಪರೀಕ್ಷೆ ಮಾಡುವ ಶಶಿರೇಖಾಳೇ. ನಿನ್ನೆ ಸಂಜೆ ಹಿತ್ತಲಲ್ಲಿ ಗಂಗಾಂಬಿಕೆ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದಳು.

ಈ ಹದಿನೈದು ದಿನ ಟ್ಯಾಂಕು ತೊಳೆದವಳು ಶಶಿರೇಖಾ. ಆದರೂ ಇವತ್ತು ಬೆಳಿಗ್ಗೆ ಪರೀಕ್ಷೆಗೆಂದು ಹಾಲಿಗೆ ಹಾಕಿದ ನೀಲಿ ಬಣ್ಣ ಅರ್ಧ ಗಂಟೆಯಲ್ಲೇ ಮಾಯವಾಗಿತ್ತು. ಹಾಲಿನಲ್ಲಿ ಬ್ಯಾಕ್ಟೀರಿಯಾ ಕಿಕ್ಕಿರಿದಿದ್ದರೆ ಮಾತ್ರ ನೀಲಿ ಅಷ್ಟು ಬೇಗ ಅಳಿಯುತ್ತದೆ. ಹಾಲು ಒಯ್ಯಲು ಬಂದ ಟ್ಯಾಂಕರಿನವನು ಅದನ್ನು ಮುಟ್ಟದೆ ಹೋಗಿದ್ದ. ಹಾಗಾದರೆ ಕೆಡಿಸಿದವರು ಯಾರು?

ಉಂಗುರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸೆರಗಿನೊಳಗೆ ಹಿಡಿದು ಅವಳು ಸಾವಿನ ಮನೆಯ ಕಡೆ ಹೊರಟಳು.

*

ಟ್ಯಾಂಕು ಬಂದದ್ದು ಹಿಂದಿನ ವರ್ಷ, ಎರಡು ಸಾವಿರದ ಆರರಲ್ಲಿ. ಡೈರಿಯ ಅಧ್ಯಕ್ಷ ಪುಟ್ಟಬಸಪ್ಪ ಕುಂಕುಮವಿಟ್ಟು ಕಾಯಿ ಒಡೆದು, ಸ್ಟೀಲಿನಲ್ಲಿ ತನ್ನ ಮುಖ ನೋಡಿಕೊಂಡ.

“ಕನ್ನಡಿ ಕಣ್ರಮ್ಮ ಇದು. ನಾರು, ಬ್ರಷ್ಷು ಯಾವ್ದೂ ಮುಟ್ಟುಸ್ಕೂಡ್ದು. ಒಂದು ಗೀರು ಬಿದ್ರೂ ನಾನು ಸುಮ್ಕಿರಕಿಲ್ಲ.”

ಬಿಸಿ ಸೋಡಾ ನೀರು, ಆಮೇಲೆ ಕ್ಲೋರಿನ್ ನೀರು, ವಾಲ್ವು ಬಿಚ್ಚಬಾರದು. ತೊಳೆಯುವ ಈ ಕ್ರಮವನ್ನು ಶಶಿರೇಖಾ ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು.

“ಶಶಮ್ಮ, ಸೀರೆನ ಸೋಪ್ನೀರಲ್ಲಿ ಅದ್ದಿ ಎತ್ತುಬುಟ್ರೆ ಕೊಳೆ ಓಯ್ತದಾ?” ಎಂದಿದ್ದಳು ಗಂಗಾಂಬಿಕೆ, ಕೆಲವು ತಿಂಗಳ ಮೇಲೆ. “ಆ ಬುಡದಲ್ಲಿ ಕೈಗೆ ಜಾರ್ತದೆ ಕಣಮ್ಮಿ. ಬಿಚ್ಚಿ ತಿಕ್ಕನ.”

“ಕ್ಲೋರಿನ್ನಿಗೆ ಯಾವ ಬ್ಯಾಕ್ಟೀರಿಯಾನೂ ಉಳಿಯಲ್ಲ ಗಂಗಕ್ಕ.”

“ಕಣ್ಗೆ ಕಾಣ್ದೇ ಇರೋದ್ನ ನೀನು ಓದಿದ್ದೀಯ, ಸರಿ. ಕೈಗೆ ಸಿಗೋದ್ನ ನಾನು ಏಳ್ತಾ ಇವ್ನಿ.”

ಶಶಿರೇಖಾಗೆ ಗೊತ್ತಿರಲಿಲ್ಲ ಎಂದಲ್ಲ. ಬ್ಯಾಕ್ಟೀರಿಯಾ ಒಂದು ಸಂದಿ ಸಿಕ್ಕರೆ ಸಾಕು, ಅಂಟಿ ಕೂತು ತಮ್ಮ ಮೇಲೆ ತಾವೇ ಲೋಳೆಯ ಹೊದಿಕೆ ಹೊದ್ದುಕೊಳ್ಳುತ್ತವೆ. ಕ್ಲೋರಿನ್ ನೀರು ಮೇಲೆ ಹರಿದು ಹೋಗುತ್ತದೆ, ಒಳಗಿನವು ಬದುಕಿರುತ್ತವೆ. ತಿಕ್ಕಿ ಹೊದಿಕೆ ಹರಿಯದೆ ಬೇರೆ ದಾರಿಯಿಲ್ಲ. ಚಾಮರಾಜನಗರದ ಕಾಲೇಜಿನಲ್ಲಿ ಇದನ್ನೇ ಬರೆದು ಅಂಕ ತೆಗೆದಿದ್ದಳು. ಪುಟ್ಟಬಸಪ್ಪನ ಎದುರು ಹೇಳುವಷ್ಟು ಧೈರ್ಯ ಮಾತ್ರ ಇರಲಿಲ್ಲ. ಹಾಲು ವಾಪಸು ಬರತೊಡಗಿ, “ಯಾರ್ದು ತಪ್ಪು, ಬರ್ಕೊಡು” ಎಂದು ಅವನು ಕೂತಾಗ, ಅವನಿಗೆ ಬೇಕಾದ ಹೆಸರನ್ನೇ ಬರೆದುಕೊಟ್ಟಿದ್ದಳು.

*

ಗಂಗಾಂಬಿಕೆಯವರ ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಐನೋರು ಮಂತ್ರ ಹೇಳುತ್ತಿದ್ದರು. ಹೆಂಗಸರ ಗುಂಪಿನಲ್ಲಿ ಪಕ್ಕದ ಮನೆಯ ಸೋಮಮ್ಮ ಮೂಗು ಒರೆಸಿಕೊಂಡಳು.

“ಕೆಲ್ಸ ಬುಡುಸುದ್ಮೇಲೆ ಬೀದಿಗೇ ಬರ್ನಿಲ್ಲ ಕಣವ್ವ. ಆಲು ಒಡೆಸ್ದೋಳು ಅಂತ ಜನ ಆಡ್ಕೊಂಡ್ರೆ ಯಂಗೆ ಬಂದಾಳು?”

“ನೀನೂ ಅಂದಿದ್ದೆ, ಸುಮ್ಕಿರಕ್ಕ,” ಎಂದು ಯಾರೋ ಚುಚ್ಚಿದರು.

ಗಂಗಾಂಬಿಕೆಯ ಗಂಡ ನೀಲಕಂಠಸ್ವಾಮಿ ಪುಟ್ಟಬಸಪ್ಪನ ಹತ್ತಿರ ಬಂದ. “ಅಧ್ಯಕ್ಷ್ರೇ, ಡೈರಿ ಕಡೆಯಿಂದ ಒಂದು ಊವಿನ ಆರ ಆಕ್ಬುಟ್ಟಿದ್ರೆ...”

“ಯಂಗಪ್ಪ ಆಕದು? ಊರ ಆಲು ಕೆಡ್ಸಿದೋರ್ಗೆ ಆರ ಆಕುದ್ರೆ ಜನ ನನ್ನ ಬುಟ್ಟಾರಾ?”

ನೀಲಕಂಠಸ್ವಾಮಿ ತಲೆ ತಗ್ಗಿಸಿದ. ಶಶಿರೇಖಾ ಸೆರಗಿನೊಳಗಿನ ಕವರನ್ನು ಮುಟ್ಟಿ ನೋಡಿಕೊಂಡಳು. ಸುಮ್ಮನಿದ್ದರೆ ತನ್ನ ಕೆಲಸ ಉಳಿಯುತ್ತದೆ. ಇನ್ನರ್ಧ ಗಂಟೆಗೆ ಗುಂಡಿ ಮುಚ್ಚುತ್ತಾರೆ. ಹಾಲು ಕೆಡಿಸಿದವಳು ಎಂಬ ಮಾತಷ್ಟೇ ಮೇಲೆ ಉಳಿಯುತ್ತದೆ. ಕಾಲು ತಾನಾಗಿ ಮುಂದೆ ಹೋಯಿತು.

“ಗಂಗಕ್ಕ ಕೆಡಿಸಲಿಲ್ಲ.” ಕವರಿನಿಂದ ಉಂಗುರ ತೆಗೆದು ಚಾಚಿದಳು. “ಇದು ವಾಲ್ವಿನ ಒಳಗಿತ್ತು. ಬಿಚ್ಚಿ ತಿಕ್ಕಬೇಕು ಅಂತ ಅವರು ಹೇಳಿದ್ರು. ನಾವು ಬಿಡಲಿಲ್ಲ. ಈ ಹದಿನೈದು ದಿನ ನಾನೇ ತೊಳೆದಿದ್ದೀನಿ, ಇವತ್ತೂ ಹಾಲು ಕೆಟ್ಟಿದೆ.”

ಐನೋರ ಮಂತ್ರವೂ ನಿಂತಿತು. ಪುಟ್ಟಬಸಪ್ಪ ಉಂಗುರವನ್ನು ಕಿತ್ತುಕೊಂಡ. ಬೆರಳಿಗೆ ಅಂಟಿದ ಲೋಳೆಯನ್ನು ಟವೆಲ್ಲಿಗೆ ಒರೆಸುತ್ತ, “ರಿಪೋರ್ಟು ಬರ್ದೋಳು ನೀನೇ ಅಲ್ವೇನಮ್ಮ?” ಎಂದ.

“ನಾನೇ. ಸುಳ್ಳು ಬರೆದೆ.”

“ಅಂಗಾರೆ ನಾಳಿಂದ ನೀನೂ ಬರ್ಬ್ಯಾಡ.”

“ಆಗಲಿ.”

ಐನೋರು ಸನ್ನೆ ಮಾಡಿದರು. ಗಂಗಾಂಬಿಕೆಯನ್ನು ಕೂತಂತೆಯೇ ಒಳಗಿಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತು. ಪುಟ್ಟಬಸಪ್ಪ ಮುಂದೆ ಬಂದಾಗ ನೀಲಕಂಠಸ್ವಾಮಿ ನೀರಿನ ಚೊಂಬು ಹಿಡಿದು ಅಡ್ಡ ನಿಂತ.

“ಕೈ ತೊಳ್ಕಳಿ ಅಧ್ಯಕ್ಷ್ರೇ.”

ಪುಟ್ಟಬಸಪ್ಪ ಕೈಯೊಡ್ಡಿ ಬೆರಳಿಗೆ ಬೆರಳು ಉಜ್ಜಿದ. ಮತ್ತೆ ಉಜ್ಜಿದ. ಜಾರುತ್ತಲೇ ಇತ್ತು.

“ಬರೀ ನೀರ್ಗೆ ಓಗಕಿಲ್ಲ,” ಎಂದ ನೀಲಕಂಠಸ್ವಾಮಿ ಮೆಲ್ಲಗೆ. “ತಿಕ್ಬೇಕು.”

ಪುಟ್ಟಬಸಪ್ಪ ಸುತ್ತಲಿನ ಮುಖಗಳನ್ನು ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಗುಂಡಿಯಿಂದ ತೆಗೆದ ಕೆಂಪು ಮಣ್ಣು ಹಿಡಿದು ತಿಕ್ಕತೊಡಗಿದ. ಶಶಿರೇಖಾ ಪಕ್ಕದಲ್ಲಿ ಕೂತು ತನ್ನ ಕೈಗೂ ಮಣ್ಣು ಹಚ್ಚಿಕೊಂಡು, ಅದೇ ನೀರಿನ ಕೆಳಗೆ ಚಾಚಿದಳು. ನೀಲಕಂಠಸ್ವಾಮಿ ಅವಳ ಮುಖ ನೋಡಲಿಲ್ಲ. ಚೊಂಬನ್ನು ಹಿಂದಕ್ಕೂ ತೆಗೆಯಲಿಲ್ಲ.