ಬೇರಿಂಗಿನೊಳಗಿನ ಕುಂಕುಮ

ನಾನು ಕೊಂಬೆ ಪುಡಿ ಮಾಡುವ ಯಂತ್ರ. ಹುಟ್ಟಿದ್ದು ಒಂದು ಕಾರ್ಖಾನೆಯ ಶೆಡ್ಡಿನಲ್ಲಿ. ನನ್ನ ಹೊಟ್ಟೆಯಲ್ಲಿ ಬ್ಲೇಡು ಕಟ್ಟಿದ ಉರುಳೆ ಇದೆ. ಅದನ್ನು ಹೊತ್ತು ತಿರುಗಿಸಲು ಎಡಬಲಕ್ಕೆ ಎರಡು ಬೇರಿಂಗು. ಪ್ರತಿ ಬೇರಿಂಗಿನ ಮೇಲೂ ಗ್ರೀಸು ಒಳಗೆ ಹೋಗಲು ಕಡಲೆಕಾಳಿನಷ್ಟು ಒಂದು ಮೂತಿ. ಆ ಮೂತಿ ಒರೆಸಿ, ಗ್ರೀಸನ್ನು ಎರಡು ಸಲ ಒತ್ತಿದರೆ ದಿನವೆಲ್ಲ ದುಡಿಯುತ್ತೇನೆ. ನಾನು ಕೇಳುವುದು ಅಷ್ಟೇ.

ನನ್ನ ಮೊದಲ ಒಡೆಯ ಸೌದೆ ಡಿಪೋದವನು. ಅವನು ಅಷ್ಟನ್ನೂ ಕೊಡಲಿಲ್ಲ. ಕಿರುಚಿದರೆ ಒದೆಯುತ್ತಿದ್ದ. ಕೊನೆಗೆ ಹರಾಜಿನಲ್ಲಿ ಮಂಡ್ಯದ ಕಡೆಯ ಪುರಸಭೆಯೊಂದರ ಗೊಬ್ಬರದ ಅಂಗಳಕ್ಕೆ ಬಂದೆ. ಕರೆಂಟಿನ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿದು ಅಲ್ಲಿಗೆ ತಂದು ಸುರಿಯುತ್ತಿದ್ದರು.

ಅಲ್ಲಿ ಏಳು ವರ್ಷ ನನ್ನನ್ನು ನಡೆಸಿದವನು ಜವರಯ್ಯ. ಅವನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಚಳಿಗೆ ಗ್ರೀಸು ಗಟ್ಟಿಯಾಗಿದ್ದರೆ ಡಬ್ಬಿಯನ್ನು ಬಿಸಿಲಿಗಿಟ್ಟು, ಮೆದುವಾಗುವವರೆಗೆ ಕಾಯುತ್ತಿದ್ದ. ಬಾಯಲ್ಲಿ ಮಾತ್ರ ಬೈಗುಳ. ಅವನು ಹಾಗೆ ಕಾಯುವುದು ಮೇಸ್ತ್ರಿ ಚೌಡಯ್ಯನಿಗೆ ಕಣ್ಣುರಿ. ಜವರಯ್ಯನ ಜಾಗಕ್ಕೆ ತನ್ನ ಭಾಮೈದನನ್ನು ತರಬೇಕೆಂದು ಅವನ ಆಸೆ.

“ಏನಯ್ಯಾ, ಮಿಷಿನ್‌ಗೆ ಬಾಣಂತನ ಮಾಡ್ತಿದ್ದೀಯಾ?”

“ನಿಮ್ ಭಾಮೈದ ಬಂದ್ ಮಾಡ್ಲಿ ಬುಡಿ. ಅಲ್ಲೀಗಂಟ ಬಾಯ್ ಮುಚ್ಕೊಳಿ.”

ಏಳನೆಯ ವರ್ಷದ ಆಯುಧಪೂಜೆ ಬಂತು. ಚೌಡಯ್ಯ ಮಡಿಯುಟ್ಟು ತಾನೇ ನನಗೆ ಪೂಜೆ ಮಾಡಿದ. ನನ್ನ ಮೂತಿಗಳು ಅವನಿಗೆ ಹಣೆಯಂತೆ ಕಂಡವು. ಗಂಧ ತೇಯ್ದು ದಪ್ಪಗೆ ಮೆತ್ತಿ, ಮೇಲೆ ಕುಂಕುಮವಿಟ್ಟ. ಸುಳ್ಳು ಹೇಳಲಾರೆ, ಆ ತಂಪು ಹಿತವಾಗಿತ್ತು. ನನ್ನ ಮೈಮೇಲೆ ಅಷ್ಟು ಮೆತ್ತಗೆ ಬೆರಳಿಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಜವರಯ್ಯ ಮೂತಿ ಒರೆಸಲು ಬಟ್ಟೆ ಎತ್ತಿಕೊಂಡ. ಚೌಡಯ್ಯ ಅಡ್ಡ ಬಂದ.

“ಪೂಜೆ ಕುಂಕುಮ ಒರೆಸ್ಬಾರ್ದು. ತಾನಾಗೇ ಉದುರ್ಬೇಕು.”

“ಅದು ಹೋಗೋದು ಒಳೀಕೆ, ಮೇಸ್ತ್ರಿ. ಬೇರಿಂಗ್ ಸುಟ್ಟೋಯ್ತದೆ.”

“ದೇವ್ರಿಗಿಂತ ನಿನ್ ಗ್ರೀಸೇ ದೊಡ್ದಾ?”

“ಹಂಗಾರೆ ನಾ ಮುಟ್ಟಕಿಲ್ಲ. ನೀವೇ ಓಡಿಸ್ಕೊಳಿ.” ಜವರಯ್ಯ ಹೋಗಿ ಬೇವಿನ ಮರದ ಕೆಳಗೆ ಕೂತುಬಿಟ್ಟ.

ಚೌಡಯ್ಯ ಹಟಕ್ಕೆ ಬಿದ್ದ. ಗ್ರೀಸ್ ಗನ್ನನ್ನು ಎರಡೂ ಮೂತಿಯ ಕುಂಕುಮದ ಮೇಲೆಯೇ ಇಟ್ಟು ಹತ್ತು ಸಲ ಒತ್ತಿದ. ಒಣಗಿದ ಗಂಧದ ಚಕ್ಕೆಗಳು ಗ್ರೀಸಿನ ಜೊತೆ ಒಳಗೆ ನುಗ್ಗಿದವು. ಬೇರಿಂಗಿನ ಗುಂಡುಗಳ ನಡುವೆ ಮರಳು ಅರೆದಂತಾಯಿತು. ಮೂರನೆಯ ದಿನ ಎಡಗಡೆಯ ಬೇರಿಂಗು ಸುಟ್ಟು, ಉರುಳೆ ಕಚ್ಚಿಕೊಂಡು ನಿಂತುಹೋದೆ.

“ಜವರಯ್ಯ ಗ್ರೀಸು ಹಾಕಿಲ್ಲ, ಅವನನ್ನು ಕೆಲಸದಿಂದ ತೆಗೆಯಬೇಕು” ಎಂದು ಚೌಡಯ್ಯ ವರದಿ ಬರೆದ.

ವಿಚಾರಣೆಗೆ ಇಂಜಿನಿಯರ್ ಕಾತ್ಯಾಯಿನಿ ಬಂದರು. ಜವರಯ್ಯ ಕೈಕಟ್ಟಿ ನಿಂತಿದ್ದ. ಅವರು ಮೊದಲು ಅವನಿಗೆ ಕೂರಲು ಹೇಳಿ, ಆಮೇಲೆ ತಾವೇ ಸ್ಪ್ಯಾನರ್ ಹಿಡಿದು ಸುಡದೆ ಉಳಿದಿದ್ದ ನನ್ನ ಬಲಗಡೆಯ ಬೇರಿಂಗು ಬಿಚ್ಚಿದರು.

“ಗ್ರೀಸ್ ಬೇಕಾದಷ್ಟಿದೆಯಲ್ರೀ. ಆದ್ರೆ ಯಾಕೆ ಕೆಂಪಗಿದೆ?”

“ತುಕ್ಕು, ಮೇಡಂ,” ಎಂದ ಚೌಡಯ್ಯ.

ಅವರು ಬೆರಳಲ್ಲಿ ತೆಗೆದು ಮೂಸಿದರು. “ತುಕ್ಕು ಯಾವಾಗಿಂದ ಗಂಧದ ವಾಸನೆ ಬರೋಕೆ ಶುರುವಾಯ್ತು?”

ಅವರ ಕೈಯಲ್ಲಿ ವರದಿ ನಾಲ್ಕು ಚೂರಾಯಿತು. ಜವರಯ್ಯನ ಕೆಲಸ ಉಳಿಯಿತು. ಉಳಿಸಿದ್ದು ನನ್ನ ಹೊಟ್ಟೆಯೊಳಗಿನ ಸಾಕ್ಷಿ. ನಾನು ಹೆಮ್ಮೆಯಿಂದ ಬೀಗಿದೆ.

“ಇದನ್ನ ರಿಪೇರಿ ಮಾಡಿಸೋಣ್ವಾ, ಜವರಯ್ಯ?” ಎಂದು ಅವರು ಕೇಳಿದರು.

“ಬ್ಯಾಡಿ ಮೇಡಮ್ಮೋರೆ, ಗುಜರಿಗಾಕಿ. ಏಳ್ ವರ್ಸ ಇದ್ರ ಮಕ ನೋಡಿ ಸಾಕಾಗದೆ. ಎಲ್ಲಿ ಕೈ ಕಚ್ತದೋ ಅಂತ ಬಯ ಬಿದ್ದು ಗ್ರೀಸ್ ಹಾಕ್ತಿದ್ದೆ.”

ಈಗ ಗುಜರಿಯವನ ಹಿತ್ತಿಲಲ್ಲಿ, ಮುರಿದ ಪಂಪ್‌ಸೆಟ್ಟಿನ ಪಕ್ಕ ಬಿದ್ದಿದ್ದೇನೆ. ಪ್ರೀತಿಯಿಂದ ಮುಟ್ಟಿದವನ ಕೈಯಲ್ಲೇ ಕೆಟ್ಟೆ. ಏಳು ವರ್ಷ ಬಾಳಿಸಿದವನಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ. ಆಗಾಗ ಯಾರಾದರೂ ಬಂದು ನನ್ನನ್ನು ತಟ್ಟಿ ನೋಡಿ ಹೋಗುತ್ತಾರೆ. ಕೊಳ್ಳುವುದಾದರೆ ಬೈಯುವವನೇ ಕೊಳ್ಳಲಿ.