ಸದ್ದಿಲ್ಲದೆ ಓಡಿದ ಗಿರಣಿ

ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವುದೆಂದರೆ ಹುಡುಗಾಟವೇ? ಕರೆಂಟಿನ ಹಂಗೇ ಬೇಡವೆಂದು ಗಿರಣಿಯಣ್ಣ ಇಪ್ಪತ್ತು ವರ್ಷದ ಹಿಂದೆಯೇ ಒಂದು ಡೀಸೆಲ್ ಇಂಜಿನ್ ತಂದು ಕೂರಿಸಿದ್ದ. ಕಬ್ಬಿಣದ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುವಿದರೆ ಸಾಕು, ಅದು ‘ಡಬ ಡಬ ಡಬ’ ಎಂದು ಶುರುವಾಗುತ್ತಿತ್ತು. ಓಣಿಯ ಕಿಟಕಿಗಳೆಲ್ಲ ಗಡಗಡ ನಡುಗುತ್ತಿದ್ದವು. ಎದುರುಮನೆಯ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ತಿಂಗಳೊಳಗೆ ಕಪ್ಪು. ಗಿರಣಿಯಣ್ಣನಿಗೆ ಮಾತ್ರ ಆ ಇಂಜಿನ್ ಎಂದರೆ ಪ್ರಾಣ.

ಅವನ ಇನ್ನೊಂದು ಪ್ರಾಣ ಅವನ ಹೆಂಡತಿ. ತಕ್ಕಡಿಯ ಪಕ್ಕದ ಮೂರುಕಾಲಿನ ಸ್ಟೂಲು ಅವಳದು. ಯಾರ ಗೋಧಿ ಯಾವ ಡಬ್ಬಿಯಲ್ಲಿದೆ, ಯಾರಿಗೆ ನುಣ್ಣಗೆ ಬೇಕು, ಯಾರಿಗೆ ತರಿತರಿ ಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಆದರೆ ನಾಲ್ಕು ತಿಂಗಳಿಂದ ಆ ಸ್ಟೂಲು ಖಾಲಿ. ಮೊದಲು ಕೆಮ್ಮು, ಆಮೇಲೆ ಉಬ್ಬಸ. ನಾಲ್ಕು ಹೆಜ್ಜೆ ನಡೆದರೆ ಏದುಸಿರು.

ಡಾಕ್ಟರಮ್ಮ ಅಡ್ಡಗೋಡೆ ಮೇಲೆ ದೀಪ ಇಡುವವರಲ್ಲ. “ಔಷಧಿ ನಾನು ಕೊಡ್ತೀನಿ. ಹಿಟ್ಟಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಕೊಳ್ಳಲಿ. ಆದರೆ ಆ ಹೊಗೆ ಇದೆಯಲ್ಲ, ಅದು ಇವರನ್ನ ತಿಂತಾ ಇದೆ. ಗಿರಣೀಲಿ ಇಂಜಿನ್ ಇರಬೇಕು, ಇಲ್ಲ ಇವರಿರಬೇಕು,” ಎಂದುಬಿಟ್ಟರು.

ಇಂಜಿನ್ ಗಿರಣಿಯಲ್ಲಿ ಉಳಿಯಿತು, ಹೆಂಡತಿ ಮನೆಯಲ್ಲಿ ಉಳಿದಳು. ಅಂದಿನಿಂದ ದರ್ಜಿಯಮ್ಮನ ಹಿಟ್ಟು ಮೇಷ್ಟ್ರ ಮನೆಗೆ, ಮೇಷ್ಟ್ರ ಹಿಟ್ಟು ದರ್ಜಿಯಮ್ಮನ ಮನೆಗೆ. ಗಿರಣಿಯಣ್ಣ ದಿನವೂ ಬೈಸಿಕೊಳ್ಳುತ್ತಿದ್ದ. ಬೈಗುಳಕ್ಕಿಂತ ಆ ಖಾಲಿ ಸ್ಟೂಲೇ ಅವನನ್ನು ಹೆಚ್ಚು ಕಾಡುತ್ತಿತ್ತು.

ಒಂದು ಬೆಳಿಗ್ಗೆ ಅವನ ತಂಗಿ ಗಿರಣಿಗೆ ಬಂದಳು. ವೈರಿಂಗ್ ಕೆಲಸದವಳು, ಜೇಬಿನಲ್ಲಿ ಸದಾ ಟೆಸ್ಟರ್, ಬಾಯಲ್ಲಿ ಸದಾ ಉತ್ತರ.

“ಅಣ್ಣಾ, ನಮ್ಮ ಓಣಿಯ ವಿದ್ಯುತ್ ಸಂಘ ರೆಡಿ! ಶಾಲೆ ಮೇಲೆ, ಗೋದಾಮಿನ ಮೇಲೆ ಸೋಲಾರ್ ಹಲಗೆ ಹಾಕಿ ಆಯ್ತು. ನಿನ್ನ ಗಿರಣಿಗೂ ಲೈನ್ ಎಳೀತೀನಿ. ಹೂಂ ಅನ್ನು.”

ಗಿರಣಿಯಣ್ಣ ಗಹಗಹಿಸಿ ನಕ್ಕ. “ಬಿಸಿಲಿಗೆ ಬಟ್ಟೆ ಒಣಗುತ್ತೆ, ಗೋಧಿ ಒಣಗುತ್ತೆ. ಗಿರಣಿ ಕಲ್ಲು ತಿರುಗಿದ್ದು ಎಲ್ಲಿ ಕಂಡಿದ್ದೀಯೇ?”

“ನಾಳೆ ನಿನ್ನ ಗಿರಣೀಲೇ ಕಾಣ್ತೀನಿ.”

“ಮೋಡ ಮುಚ್ಚಿದ್ರೆ?”

“ಕಡಿಮೆ ಸಿಗುತ್ತೆ, ಸುಳ್ಳು ಹೇಳಲ್ಲ. ಅಂಥ ದಿನ ಆಸ್ಪತ್ರೆಯ ಫ್ರಿಜ್ಜು, ಮನೆಗಳ ದೀಪ ಮೊದಲು. ನಿನ್ನ ಗಿರಣಿ ಸ್ವಲ್ಪ ಹೊತ್ತು. ರಾತ್ರಿಗೆ ಬ್ಯಾಟರಿ ಇದೆ. ಅದೂ ಸಾಲದಿದ್ರೆ ದಿನಕ್ಕೆ ಮೂರು ಸಲ ಹೋಗೋ ಆ ದೊಡ್ಡ ಲೈನ್ ಇದ್ದೇ ಇದೆ. ಆದರೆ ಅದರಲ್ಲಿ ಬರೋ ಕರೆಂಟಿಗೂ ಎಲ್ಲೋ ಕಲ್ಲಿದ್ದಲು ಸುಟ್ಟಿರ್ತಾರೆ, ಅಲ್ಲೂ ಯಾರೋ ಕೆಮ್ಮುತಾ ಇರ್ತಾರೆ. ನಮ್ಮ ಬಿಸಿಲಿಗೆ ಸುಡೋದೂ ಇಲ್ಲ, ಹೊಗೆಯೂ ಇಲ್ಲ.”

“ಕೆಟ್ಟು ಹೋದ್ರೆ ಯಾರ ಕಾಲು ಹಿಡೀಲಿ?”

“ನನ್ನ ಕಾಲು! ನಾನು, ಇನ್ನಿಬ್ಬರು ರಿಪೇರಿ ಕಲಿತಿದ್ದೀವಿ. ಹಲಗೆ ಮೇಲಿನ ಧೂಳು ಒರೆಸೋಕೆ ಮನೆಮನೆಗೂ ಸರದಿ. ಮನೆಗೊಂದು ಮತ. ಯಾರಿಗೆ ಎಷ್ಟು, ಯಾವ ಹೊತ್ತಲ್ಲಿ ಅಂತ ನಾವೇ ಕೂತು ತೀರ್ಮಾನ ಮಾಡ್ತೀವಿ. ಇದು ಯಾರೋ ಕೊಟ್ಟ ಕರೆಂಟಲ್ಲ, ನಮ್ಮದು.” ಅವಳ ದನಿ ಇದ್ದಕ್ಕಿದ್ದಂತೆ ತಗ್ಗಿತು. “ಅಣ್ಣಾ, ಅತ್ತಿಗೆ ದಿನಾ ಕಿಟಕೀಲಿ ಕೂತು ಗಿರಣಿ ಕಡೆಗೇ ನೋಡ್ತಾ ಇರ್ತಾಳೆ. ನೋಡಿದ್ದೀಯಾ?”

ಗಿರಣಿಯಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹಿಟ್ಟು ಕಣ್ಣಿಗೆ ಬಿದ್ದಿತ್ತೋ, ಮತ್ತೇನೋ.

“ಎಂಟು ದಿನ. ಎಂಟೇ ದಿನ ನೋಡ್ತೀನಿ. ಇಂಜಿನ್ ಇದ್ದಲ್ಲೇ ಇರಲಿ,” ಎಂದ.

ಸಂಘದ ಸಭೆಯಲ್ಲಿ ಗಿರಣಿಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಹೊತ್ತು ನಿಗದಿಯಾಯಿತು. ಬಿಸಿಲು ಚುರುಕಾಗಿರುವಾಗ ಭಾರದ ಕೆಲಸ, ಸಂಜೆ ದೀಪ. ತಂಗಿ ಲೈನ್ ಎಳೆದು ಹೊಸ ಮೋಟಾರು ಕೂರಿಸಿದಳು. ಮರುದಿನ ಹತ್ತಕ್ಕೆ ಗಿರಣಿಯಣ್ಣ ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದ.

ಹ್ಯಾಂಡಲ್ ಇಲ್ಲ, ಹೊಗೆ ಇಲ್ಲ. ಜೇನುಹುಳದಂಥ ಸಣ್ಣ ಗುಂಯ್ ಅಷ್ಟೇ. ಕಲ್ಲು ತಿರುಗಿತು! ಬೆಳ್ಳಗೆ, ಬೆಚ್ಚಗೆ ಹಿಟ್ಟು ಸುರಿಯಿತು! ಗಿರಣಿಯಣ್ಣ ಆ ವಯಸ್ಸಿನಲ್ಲೂ ಒಂದು ಸುತ್ತು ಕುಣಿದೇಬಿಟ್ಟ. ತಂಗಿ ನಗುತ್ತ ಶಾಲೆಯ ಮೀಟರ್ ನೋಡಲು ಹೋದಳು.

ಆದರೆ ಮನೆಯಿಂದ ತಂದಿದ್ದ ಒಂದು ಡಬ್ಬಿ ಗೋಧಿ ಮುಗಿಯಿತು. ಹನ್ನೊಂದಾಯಿತು, ಹನ್ನೆರಡಾಯಿತು. ಒಬ್ಬ ಗಿರಾಕಿಯೂ ಇಲ್ಲ. ಗಿರಣಿಯಣ್ಣ ಬಾಗಿಲಲ್ಲಿ ನಿಂತು ನೊಣ ಹೊಡೆದ. ಇಪ್ಪತ್ತು ವರ್ಷದಲ್ಲಿ ಹೀಗಾಗಿದ್ದೇ ಇಲ್ಲ. ಬಿಸಿಲಿನ ಹಿಟ್ಟೆಂದರೆ ಜನಕ್ಕೆ ಹೆದರಿಕೆಯೇ? ತಂಗಿಯ ಮಾತು ಕೇಳಿ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡೆನೇ? ಒಂದು ಗಂಟೆಗೆ ಅವನ ತಾಳ್ಮೆ ತಪ್ಪಿತು. ಮೂಲೆಯಲ್ಲಿದ್ದ ಹ್ಯಾಂಡಲ್ ಎತ್ತಿಕೊಂಡು ಇಂಜಿನ್ ಹತ್ತಿರ ನಡೆದ.

“ರೀ! ಏನಾಯ್ತು ನಿಮಗೆ?”

ಬಾಗಿಲಲ್ಲಿ ಹೆಂಡತಿ! ಏದುಸಿರು ಬಿಡುತ್ತಿದ್ದಾಳೆ, ಸೆರಗು ಜಾರಿದೆ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಗಿರಣಿಯಣ್ಣ ಸರಕ್ಕನೆ ಹ್ಯಾಂಡಲನ್ನು ಬೆನ್ನ ಹಿಂದೆ ಬಚ್ಚಿಟ್ಟ.

“ನನಗೇನಾಗಿದೆ? ನೀನ್ಯಾಕೆ ಬಂದೆ?”

“ಬೆಳಗಿಂದ ಇಂಜಿನ್ ಸದ್ದೇ ಇಲ್ಲ! ಹೊಸ ಕರೆಂಟ್ ಮುಟ್ಟಿ ಏನೋ ಮಾಡ್ಕೊಂಡ್ರೋ ಅಂತ ಜೀವ ಬಾಯಿಗೆ ಬಂತು ನಂಗೆ.”

ಅವಳ ಬೆನ್ನ ಹಿಂದೆಯೇ ದರ್ಜಿಯಮ್ಮ ಇಣುಕಿದಳು. “ಏನ್ ಗಿರಣಿಯಣ್ಣ, ಇವತ್ತು ರಜೆನಾ? ಸದ್ದಾಗಲಿ, ಹೋಗೋಣ ಅಂತ ಡಬ್ಬಿ ತುಂಬಿಸ್ಕೊಂಡು ಬೆಳಗಿಂದ ಕೂತಿದ್ದೀನಿ. ಓಣಿಯೋರೆಲ್ಲ ಕೂತಿದ್ದಾರೆ!”

ಗಿರಣಿಯಣ್ಣ ಬೆಪ್ಪಾಗಿ ನಿಂತ. ಇಪ್ಪತ್ತು ವರ್ಷ ಅವನು ಒಂದು ಬೋರ್ಡೂ ಹಾಕಿರಲಿಲ್ಲ, ಇಂತಿಷ್ಟು ಗಂಟೆಗೆ ತೆರೆಯುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಆ ಡಬಡಬವೇ ಅವನ ಡಂಗುರವಾಗಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ, ದರ್ಜಿಯಮ್ಮನೂ ನಕ್ಕಳು. ಹೆಂಡತಿಯೂ ನಕ್ಕಳು.

ಗಿರಣಿಯಣ್ಣನ ನಗು ಅಲ್ಲಿಗೇ ನಿಂತಿತು. ನಾಲ್ಕು ತಿಂಗಳಿಂದ ಅವಳು ನಕ್ಕರೆ ಕೆಮ್ಮು ಕಿತ್ತುಕೊಂಡು ಬರುತ್ತಿತ್ತು. ಈಗ ಬರಲಿಲ್ಲ. ಅವಳಿಗೂ ತಿಳಿಯಿತೇನೋ, ಮೂಗಿಗೆ ಸೆರಗು ಒತ್ತಿಕೊಂಡು ಮೆಲ್ಲಗೆ ತನ್ನ ಸ್ಟೂಲಿನ ಮೇಲೆ ಕೂತಳು. ಸೆರಗು ಸರಿಸಿ ಉಸಿರೆಳೆದು ನೋಡಿದಳು.

“ರೀ... ಹೊಗೆ ವಾಸನೆಯೇ ಇಲ್ಲ.”

ಹ್ಯಾಂಡಲ್ ಅವನ ಕೈಯಲ್ಲಿ ಕಾದ ಕಬ್ಬಿಣದಂತೆ ಚುರುಗುಟ್ಟಿತು. ಹಗ್ಗ ಹುಡುಕಿ, ಹ್ಯಾಂಡಲನ್ನು ಬಾಗಿಲ ತೊಲೆಗೆ ನೇತುಹಾಕಿದ. ದೊಡ್ಡದೊಂದು ಬೋಲ್ಟು ಹುಡುಕಿ ಹೆಂಡತಿಯ ಕೈಗಿತ್ತ.

“ಹೊಡಿ. ಗಿರಣಿ ಶುರುವಾಗಿದೆ ಅಂತ ಓಣಿಗೆ ನೀನೇ ಹೇಳು.”

ಠಣ್! ಠಣ್! ಠಣ್!

ಹತ್ತೇ ನಿಮಿಷದಲ್ಲಿ ಡಬ್ಬಿಗಳ ಸಾಲು ರಸ್ತೆಗಿಳಿಯಿತು. “ಮೇಷ್ಟ್ರದು ನುಣ್ಣಗೆ ರೀ! ತರಿತರಿ ಮಾಡಿಬಿಟ್ಟೀರ!” ಎಂದು ಹೆಂಡತಿ ಮೂಗಿನ ಬಟ್ಟೆಯೊಳಗಿಂದಲೇ ಗದರಿದಳು. ಆ ಗದರಿಕೆ ಗಿರಣಿಯಣ್ಣನಿಗೆ ಸಂಗೀತದ ಹಾಗೆ ಕೇಳಿಸಿತು. ಎಂಟು ದಿನ ಕಳೆಯುವ ಮೊದಲೇ ಇಂಜಿನ್ ಗುಜರಿ ಗಾಡಿ ಹತ್ತಿತು. ಹ್ಯಾಂಡಲ್ ಮಾತ್ರ ಬಾಗಿಲಲ್ಲಿ ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಬಿಸಿಲು ಬೀಳುತ್ತದೆ, ನಿಮ್ಮ ಓಣಿಯಲ್ಲೂ ಯಾರೋ ಕೆಮ್ಮುತ್ತಿದ್ದಾರೆ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕರೆದು ಇವತ್ತೇ ಮಾತಾಡಿ. ಯಾವ ಚಾವಣಿ ಮೇಲೆ ಜಾಗ ಇದೆ, ಯಾವ ಕೆಲಸ ಹಗಲಿಗೆ ಬದಲಾಯಿಸಬಹುದು, ಯಾರು ರಿಪೇರಿ ಕಲಿಯುತ್ತಾರೆ ಎಂದು ಕೇಳಿ. ತಿಳಿದವರನ್ನು ಕರೆಸಿ ಲೆಕ್ಕ ಹಾಕಿಸಿ, ಅನುಮಾನವಿದ್ದರೆ ಗಿರಣಿಯಣ್ಣನ ಹಾಗೆ ಎಂಟು ದಿನ ನೋಡಿ. ಸೂರ್ಯ ಸದ್ದು ಮಾಡುವುದಿಲ್ಲ. ಓಣಿಯನ್ನು ಕೂಗಿ ಕರೆಯಬೇಕಾದವರು ನೀವೇ.